ಅರ್ಜಿ ತೆರೆದಾಗ ಪುಟ ಪೂರ್ತಿ ಕಾಣಲಿ

ವಿದ್ಯಾರ್ಥಿಗಳಿಗೆ ಒಂದು ಕಂಪ್ಯೂಟರ್ ಪಾಠ



ವಾರ್ಷಿಕ ವರದಿ ಎಂದರೆ ಜಮಾ-ಖರ್ಚಿನ ಲೆಕ್ಕ, ದಾನಿಗಳ ಯಾದಿ, ವಿದ್ಯಾರ್ಥಿವೇತನ ಪಡೆದವರ ಯಾದಿ, ಮುಂದಿನ ಸಾಲಿನ ಪ್ರಕಟಣೆ ಇಷ್ಟೇ ಇರುವುದು ರೂಢಿ. ಈ ಸಲ ಇವುಗಳ ಜೊತೆಗೆ ಒಂದು ಕಂಪ್ಯೂಟರ್ ಪಾಠವನ್ನೂ ಸೇರಿಸಿದ್ದೇವೆ. ವರ್ಡ್ ಕಡತವನ್ನು ತೆರೆದಾಗ ಅದು ಯಾವ ನೋಟದಲ್ಲಿ ತೆರೆಯಬೇಕು, ಅದನ್ನು ಒಮ್ಮೆ ಹೇಗೆ ಹೊಂದಿಸಿಡಬೇಕು ಎಂಬುದು ಪಾಠದ ವಿಷಯ. ವಿಷಯ ಚಿಕ್ಕದೆಂದು ಕಾಣಬಹುದು. ನಮಗೂ ಹಾಗೆಯೇ ಕಂಡಿತ್ತು. ಅದು ಚಿಕ್ಕದಲ್ಲ ಎಂದು ನಮ್ಮದೇ ಕಚೇರಿಯಲ್ಲಿ ನಡೆದ ಒಂದು ತಪ್ಪಿನಿಂದ ತಿಳಿಯಿತು. ಆ ತಪ್ಪನ್ನು ಮುಚ್ಚಿಡದೆ ಮೊದಲು ಅದನ್ನೇ ಹೇಳುತ್ತೇವೆ.

ನಡೆದದ್ದು ಏನು?

ಕುಂದಗೋಳ ತಾಲ್ಲೂಕಿನ ಒಬ್ಬ ವಿದ್ಯಾರ್ಥಿನಿ ನಮ್ಮ ಅರ್ಜಿ ನಮೂನೆಯನ್ನು ವರ್ಡ್‌ನಲ್ಲಿ ತುಂಬಿ, ಮೇಲ್ಭಾಗದ ಬಲ ಮೂಲೆಯಲ್ಲಿ ತನ್ನ ಭಾವಚಿತ್ರ, ಕೆಳಗೆ ತನ್ನ ಸಹಿ ಮತ್ತು ತಂದೆಯ ಹೆಬ್ಬೆಟ್ಟಿನ ಗುರುತನ್ನು ಸ್ಕ್ಯಾನ್ ಮಾಡಿ ಹಚ್ಚಿ ಇ-ಮೇಲ್ ಮೂಲಕ ಕಳಿಸಿದ್ದಳು. ಕಚೇರಿಯಲ್ಲಿ ಟೈಪಿಂಗ್ ನೋಡಿಕೊಳ್ಳುವವರು ಅದನ್ನು ತೆರೆದು, ಮೇಲೆ ಸ್ವೀಕೃತಿ ಸಂಖ್ಯೆ ಟೈಪ್ ಮಾಡಿ, ಉಳಿಸಿಟ್ಟರು. ಪರಿಶೀಲನಾ ಸಮಿತಿ ಅದೇ ಕಂಪ್ಯೂಟರಿನಲ್ಲಿ ಕಡತ ತೆರೆದಾಗ ಭಾವಚಿತ್ರವೂ ಇರಲಿಲ್ಲ, ಸಹಿಯೂ ಇರಲಿಲ್ಲ. ನಿಯಮದ ಪ್ರಕಾರ ಅರ್ಜಿಯನ್ನು 'ಅಪೂರ್ಣ' ಎಂದು ಬದಿಗಿಟ್ಟೆವು.

ಯಾದಿಯಲ್ಲಿ ಮಗಳ ಹೆಸರಿಲ್ಲದ್ದನ್ನು ನೋಡಿ ತಾಯಿ ಕಚೇರಿಗೆ ಬಂದರು. "ಸಾಹೇಬ್ರ, ನಮ್ಮ ಹುಡುಗಿ ಫೋಟೋ ಹಚ್ಚೇ ಕಳಿಸ್ಯಾಳ್ರೀ. ನಾನ ಬಾಜೂಕ ನಿಂತು ನೋಡೇನ್ರೀ" ಎಂದರು. ನಾವು ಕಡತ ತೆರೆದು ತೋರಿಸಿದೆವು. ತೆರೆಯ ಮೇಲೆ ಬರೀ ಅಕ್ಷರಗಳಿದ್ದವು. ಅವರು ಏನೂ ಮಾತಾಡದೆ ಹೋದರು.

ಕೆಲ ದಿನಗಳ ನಂತರ ಸಮಿತಿಯ ಸದಸ್ಯರೊಬ್ಬರು ಬದಿಗಿಟ್ಟ ಅರ್ಜಿಗಳನ್ನು ಮತ್ತೊಮ್ಮೆ ನೋಡೋಣವೆಂದು ಮನೆಗೆ ಒಯ್ದು ತಮ್ಮ ಲ್ಯಾಪ್‌ಟಾಪ್‌ನಲ್ಲಿ ತೆರೆದರು. ಭಾವಚಿತ್ರ ಅಲ್ಲಿಯೇ ಇತ್ತು. ಸಹಿ ಇತ್ತು, ಹೆಬ್ಬೆಟ್ಟೂ ಇತ್ತು. ಕಡತ ಒಂದೇ. ನಮ್ಮ ಕಚೇರಿಯ ಕಂಪ್ಯೂಟರ್ ಅದನ್ನು 'ಡ್ರಾಫ್ಟ್' ಎಂಬ ನೋಟದಲ್ಲಿ ತೆರೆಯುತ್ತಿತ್ತು. ಆ ನೋಟದಲ್ಲಿ ಪುಟದ ಮೇಲೆ ತೇಲುವಂತೆ ಇಟ್ಟ ಚಿತ್ರಗಳು ಕಾಣುವುದೇ ಇಲ್ಲ.

ಅಷ್ಟರಲ್ಲಿ ಕಾಲೇಜಿನ ಶುಲ್ಕ ತುಂಬುವ ಕೊನೆಯ ದಿನ ದಾಟಿತ್ತು. ತಂದೆ ಆಗಷ್ಟೇ ಒಕ್ಕಿದ್ದ ಹೆಸರು ಕಾಳನ್ನು ಕೇಳಿದ ಬೆಲೆಗೇ ಮಾರಿ ಶುಲ್ಕ ತುಂಬಿದ್ದರು. ನಾವು ಅವರ ಮನೆಗೆ ಹೋಗಿ ತಪ್ಪು ಒಪ್ಪಿಕೊಂಡು ವಿದ್ಯಾರ್ಥಿವೇತನದ ಹಣ ತಲುಪಿಸಿದೆವು. ಆದರೆ ಕಾಳು ಮಾರಿದ ದಿನವನ್ನು ಹಿಂದಕ್ಕೆ ತರಲು ನಮ್ಮಿಂದ ಆಗಲಿಲ್ಲ. ದಾನಿಗಳ ಹಣ ನಮ್ಮ ಕೈಯಲ್ಲಿ ಅಮಾನತ್ತು. ಅದು ತಲುಪಬೇಕಾದವರಿಗೆ ತಲುಪಬೇಕಾದ ಹೊತ್ತಿಗೆ ತಲುಪದಿದ್ದರೆ ಲೆಕ್ಕ ಸರಿಯಿದ್ದೂ ಕೆಲಸ ಸರಿಯಾಗಲಿಲ್ಲ ಎಂದೇ ಅರ್ಥ.

ಆದ್ದರಿಂದ ಈ ಪಾಠ. ಇದರಲ್ಲಿ ಹೇಳಿದ್ದನ್ನು ಮೊದಲು ನಮ್ಮ ಕಚೇರಿಯಲ್ಲಿ ಮಾಡಿ ನೋಡಿದ್ದೇವೆ.

ಕಾಗದ ಒಂದು, ನೋಟ ಐದು

ವರ್ಡ್ ತಂತ್ರಾಂಶದಲ್ಲಿ ಒಂದೇ ಕಡತವನ್ನು ಐದು ಬಗೆಯಾಗಿ ನೋಡಬಹುದು. ಮೇಲಿನ ಪಟ್ಟಿಯಲ್ಲಿ 'ವ್ಯೂ' ಎಂಬುದನ್ನು ಒತ್ತಿದರೆ ಐದೂ ಸಾಲಾಗಿ ಕಾಣುತ್ತವೆ.

1. ಪ್ರಿಂಟ್ ಲೇಔಟ್: ಕಾಗದದ ಮೇಲೆ ಹೇಗೆ ಅಚ್ಚಾಗುತ್ತದೆಯೋ ಹಾಗೆ ಕಾಣುತ್ತದೆ. ನಾಲ್ಕೂ ಕಡೆಯ ಅಂಚು, ಪುಟದ ತಲೆಬರಹ, ಅಡಿಬರಹ, ಭಾವಚಿತ್ರ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿರುತ್ತವೆ.

2. ರೀಡ್ ಮೋಡ್: ಓದುವುದಕ್ಕೆ ಮಾತ್ರ. ಪುಸ್ತಕದ ಹಾಳೆಯಂತೆ ತೆರೆ ತುಂಬ ಕಾಣುತ್ತದೆ. ಇದರಲ್ಲಿ ಸಾಮಾನ್ಯವಾಗಿ ಟೈಪ್ ಮಾಡಲು ಬರುವುದಿಲ್ಲ. 2013ರ ಆವೃತ್ತಿಯಿಂದ ಇದಕ್ಕೆ ಈ ಹೆಸರು. ಅದಕ್ಕೂ ಮೊದಲು 'ಫುಲ್ ಸ್ಕ್ರೀನ್ ರೀಡಿಂಗ್' ಎಂದಿತ್ತು.

3. ವೆಬ್ ಲೇಔಟ್: ಪುಟ ಎಂಬ ವಿಂಗಡಣೆ ಇರುವುದಿಲ್ಲ. ಅಂತರ್ಜಾಲದ ಪುಟದಂತೆ ಸಾಲುಗಳು ತೆರೆಯ ಅಗಲಕ್ಕೆ ಹರಡುತ್ತವೆ.

4. ಔಟ್‌ಲೈನ್: ತಲೆಬರಹ, ಉಪ ತಲೆಬರಹಗಳ ಏಣಿ ಕಾಣುತ್ತದೆ. ದೊಡ್ಡ ಪ್ರಬಂಧ, ಪ್ರಾಜೆಕ್ಟ್ ವರದಿ ಬರೆಯುವವರಿಗೆ ಉಪಯುಕ್ತ.

5. ಡ್ರಾಫ್ಟ್: ಬರೀ ಅಕ್ಷರಗಳು. ತಲೆಬರಹ, ಅಡಿಬರಹ, ತೇಲುವ ಚಿತ್ರಗಳು ಕಾಣುವುದಿಲ್ಲ. ಪುಟ ಮುಗಿಯುವಲ್ಲಿ ಚುಕ್ಕೆಗಳ ಗೆರೆ ಮಾತ್ರ ಬರುತ್ತದೆ.

ಡ್ರಾಫ್ಟ್ ನೋಟ ಕೆಟ್ಟದ್ದೆಂದು ತಿಳಿಯಬೇಡಿ. ಹಳೆಯ, ನಿಧಾನವಾದ ಕಂಪ್ಯೂಟರುಗಳಲ್ಲಿ ಉದ್ದದ ಬರಹವನ್ನು ಚುರುಕಾಗಿ ಟೈಪ್ ಮಾಡಲು ಅದೇ ಅನುಕೂಲ. 2003ರ ಆವೃತ್ತಿಯವರೆಗೆ ಅದರ ಹೆಸರೇ 'ನಾರ್ಮಲ್' ಎಂದಿತ್ತು. 2007ರ ಆವೃತ್ತಿಯಲ್ಲಿ 'ಡ್ರಾಫ್ಟ್' ಎಂದಾಯಿತು. ಅದಕ್ಕೇ ಇಂದಿಗೂ ಅದರ ಕೀಲಿ ಕಂಟ್ರೋಲ್, ಆಲ್ಟ್ ಜೊತೆಗೆ 'ಎನ್' ಅಕ್ಷರ. ನಮ್ಮ ಕಚೇರಿಯವರು ಆ ಕಾಲದಲ್ಲಿ ಟೈಪಿಂಗ್ ಕಲಿತವರು. ಪ್ರತಿ ಕಡತ ತೆರೆದ ಕೂಡಲೇ ಅವರ ಬೆರಳು ಆ ಮೂರು ಕೀಲಿಗಳ ಮೇಲೆ ತಾನೇ ಹೋಗುತ್ತಿತ್ತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ನೋಟ ಬದಲಾದರೆ ಕಡತ ಬದಲಾಗುವುದಿಲ್ಲ. ಡ್ರಾಫ್ಟ್‌ನಲ್ಲಿ ಕಾಣದ ಭಾವಚಿತ್ರ ಅಳಿಸಿ ಹೋಗಿರುವುದಿಲ್ಲ. ಡ್ರಾಫ್ಟ್ ನೋಟದಲ್ಲಿದ್ದಾಗಲೇ ಪ್ರಿಂಟ್ ತೆಗೆದರೂ ಭಾವಚಿತ್ರ ಅಚ್ಚಾಗುತ್ತದೆ. ಅಂದು ನಾವು ಆ ಅರ್ಜಿಯ ಒಂದು ಪ್ರತಿಯನ್ನು ಕಾಗದದ ಮೇಲೆ ತೆಗೆದಿದ್ದರೆ ಸತ್ಯ ಅಲ್ಲಿಯೇ ತಿಳಿಯುತ್ತಿತ್ತು. ಕಾಗದ ಉಳಿಸಲು ಹೋಗಿ ತೆರೆಯನ್ನಷ್ಟೇ ನಂಬಿದೆವು.

ಕಡತ ಹೀಗೆಯೇ ಏಕೆ ತೆರೆಯುತ್ತದೆ?

ಕಡತ ಯಾವ ನೋಟದಲ್ಲಿ ತೆರೆಯಬೇಕೆಂಬುದನ್ನು ಮೂರು ಕಡೆ ನಿರ್ಧರಿಸಲಾಗುತ್ತದೆ.

ಮೊದಲನೆಯದು ಕಡತವೇ. ಕಡತವನ್ನು ಯಾವ ನೋಟದಲ್ಲಿ ಕೊನೆಯ ಸಲ ಉಳಿಸಿದ್ದರೋ ಅದರ ಗುರುತು ಕಡತದೊಳಗೆ ಉಳಿದಿರುತ್ತದೆ. ವೆಬ್ ಲೇಔಟ್‌ನಲ್ಲಿ ಉಳಿಸಿ ಕಳಿಸಿದರೆ ಎದುರಿನವರಿಗೂ ಅದು ವೆಬ್ ಲೇಔಟ್‌ನಲ್ಲೇ ತೆರೆಯಬಹುದು.

ಎರಡನೆಯದು ನಿಮ್ಮ ಕಂಪ್ಯೂಟರಿನ ವರ್ಡ್‌ನಲ್ಲಿರುವ ಆಯ್ಕೆಗಳು. ಡ್ರಾಫ್ಟ್ ನೋಟದಲ್ಲಿ ಉಳಿಸಿದ ಕಡತವನ್ನು ಡ್ರಾಫ್ಟ್‌ನಲ್ಲೇ ತೆರೆಯಲು ಅನುಮತಿ ಕೊಡುವ ಒಂದು ಗುರುತಿನ ಚೌಕವಿದೆ. ಅದರಲ್ಲಿ ಗುರುತು ಇಲ್ಲದಿದ್ದರೆ ಅಂಥ ಕಡತವೂ ಪ್ರಿಂಟ್ ಲೇಔಟ್‌ನಲ್ಲೇ ತೆರೆಯುತ್ತದೆ. ನಮ್ಮ ಕಚೇರಿಯಲ್ಲಿ ಆ ಚೌಕದಲ್ಲಿ ಗುರುತು ಇತ್ತು. ಸದಸ್ಯರ ಲ್ಯಾಪ್‌ಟಾಪ್‌ನಲ್ಲಿ ಇರಲಿಲ್ಲ. ಒಂದೇ ಅರ್ಜಿ ಒಂದು ಕಡೆ ಅಪೂರ್ಣ, ಇನ್ನೊಂದು ಕಡೆ ಪೂರ್ಣವಾಗಿ ಕಂಡದ್ದು ಇಷ್ಟೇ ಕಾರಣಕ್ಕೆ.

ಮೂರನೆಯದು 'ನಾರ್ಮಲ್ ಟೆಂಪ್ಲೇಟ್' ಎಂಬ ಮೂಲ ನಮೂನೆ. ನೀವು ಹೊಸ ಖಾಲಿ ಪುಟ ತೆರೆದಾಗಲೆಲ್ಲ ವರ್ಡ್ ಈ ನಮೂನೆಯ ನಕಲನ್ನು ತೆಗೆದು ಕೊಡುತ್ತದೆ. ಅಕ್ಷರದ ಬಗೆ, ಅಳತೆ, ಕಾಗದದ ಗಾತ್ರ, ಅಂಚು, ನೋಟ ಎಲ್ಲವೂ ಅಲ್ಲಿಂದಲೇ ಬರುತ್ತವೆ.

ಇದು ನಮ್ಮ ಭಾಗದವರಿಗೆ ಬೇಗ ತಿಳಿಯುವ ಮಾತು. ನವಲಗುಂದದ ಜಮಖಾನೆ ನೇಯುವ ನಮ್ಮ ತಾಯಂದಿರನ್ನು ನೋಡಿದವರಿಗೆ ಗೊತ್ತು: ನಿಂತ ಮಗ್ಗಕ್ಕೆ ಮೊದಲು ಹಾಸಿನ ನೂಲು ಬಿಗಿಯುತ್ತಾರೆ. ಜಮಖಾನೆಯ ಅಗಲ ಅಲ್ಲಿಯೇ ನಿಶ್ಚಯವಾಗುತ್ತದೆ. ಆಮೇಲೆ ಹೊಕ್ಕಿನಲ್ಲಿ ನವಿಲು ಬರಲಿ, ಪಗಡೆಯ ಹಾಸು ಬರಲಿ, ಬಿಗಿದ ಅಗಲದೊಳಗೇ ಬರಬೇಕು. ಹಾಸಿನ ಅಳತೆ ಬದಲಿಸಿದರೆ ಮುಂದೆ ನೇಯುವ ಜಮಖಾನೆ ಬದಲಾಗುತ್ತದೆ, ಈಗಾಗಲೇ ನೇಯ್ದು ಇಳಿಸಿದ್ದು ಬದಲಾಗುವುದಿಲ್ಲ. ನಾರ್ಮಲ್ ಟೆಂಪ್ಲೇಟ್ ಕೂಡ ಹಾಗೆಯೇ. ಅದನ್ನು ಸರಿಪಡಿಸಿದರೆ ಮುಂದೆ ತೆರೆಯುವ ಹೊಸ ಪುಟಗಳು ಸರಿಯಾಗುತ್ತವೆ. ಹಳೆಯ ಕಡತಗಳನ್ನು ಒಂದೊಂದಾಗಿ ತೆರೆದು ಸರಿಪಡಿಸಬೇಕು.

ಹೊಂದಿಸುವ ಕ್ರಮ

ಕಂಪ್ಯೂಟರ್ ಮುಂದೆ ಕುಳಿತು, ಈ ಪುಟವನ್ನು ಬಾಜೂಕ ಇಟ್ಟುಕೊಂಡು ಒಂದೊಂದಾಗಿ ಮಾಡಿ.

ಮೊದಲ ಕೆಲಸ: ಬಂದ ಕಡತ ಓದುವ ನೋಟದಲ್ಲಿ ತೆರೆಯದಂತೆ ಮಾಡುವುದು

ಇ-ಮೇಲ್‌ನಲ್ಲಿ ಬಂದ ಅರ್ಜಿ ನಮೂನೆ ತೆರೆದಾಗ ಅದು ರೀಡ್ ಮೋಡ್‌ನಲ್ಲಿ ತೆರೆದು, ಟೈಪ್ ಮಾಡಲು ಬಾರದೆ, 'ಫಾರ್ಮ್ ಲಾಕ್ ಆಗೇತ್ರೀ' ಎಂದು ನಮಗೆ ಫೋನ್ ಮಾಡಿದವರು ಇದ್ದಾರೆ. ಅಂಗಡಿಯಲ್ಲಿ ಹಣ ಕೊಟ್ಟು ಇಡೀ ನಮೂನೆಯನ್ನು ಹೊಸದಾಗಿ ಟೈಪ್ ಮಾಡಿಸಿದವರೂ ಇದ್ದಾರೆ. ಆ ಖರ್ಚು ಬೇಕಿರಲಿಲ್ಲ. ಎಸ್ಕೇಪ್ ಕೀಲಿ ಒತ್ತಿದರೆ ರೀಡ್ ಮೋಡ್‌ನಿಂದ ಹೊರಗೆ ಬರಬಹುದು. ಪ್ರತಿ ಸಲ ಹಾಗೆ ಆಗಬಾರದೆಂದರೆ:

1. 'ಫೈಲ್' ಒತ್ತಿ, ಕೆಳಗಿರುವ 'ಆಪ್ಶನ್ಸ್' ತೆರೆಯಿರಿ.
2. ಎಡಗಡೆಯಲ್ಲಿ 'ಜನರಲ್' ಆಯ್ದುಕೊಳ್ಳಿ.
3. ಕೆಳಭಾಗದಲ್ಲಿ 'ಸ್ಟಾರ್ಟ್ ಅಪ್ ಆಪ್ಶನ್ಸ್' ಎಂಬ ಗುಂಪಿದೆ. ಅದರಲ್ಲಿ 'ಓಪನ್ ಇ-ಮೇಲ್ ಅಟ್ಯಾಚ್‌ಮೆಂಟ್ಸ್' ಎಂದು ಶುರುವಾಗಿ 'ರೀಡಿಂಗ್ ವ್ಯೂ' ಎಂದು ಮುಗಿಯುವ ಸಾಲನ್ನು ಹುಡುಕಿ.
4. ಅದರ ಮುಂದಿನ ಗುರುತನ್ನು ತೆಗೆದು 'ಓಕೆ' ಒತ್ತಿ.

ಇದರ ಜೊತೆಗೆ ಇನ್ನೊಂದು ವಿಷಯ ಗೊಂದಲ ಮಾಡುತ್ತದೆ. ಹೊರಗಿನಿಂದ ಬಂದ ಕಡತ ತೆರೆದಾಗ ಮೇಲೆ ಹಳದಿ ಪಟ್ಟಿ ಬಂದು 'ಪ್ರೊಟೆಕ್ಟೆಡ್ ವ್ಯೂ' ಎಂದು ಬರೆದಿರುತ್ತದೆ. ಅದು ನೋಟವಲ್ಲ, ಕಾವಲು. ಕಳಿಸಿದವರು ಪರಿಚಿತರಾಗಿದ್ದರೆ ಮಾತ್ರ 'ಎನೇಬಲ್ ಎಡಿಟಿಂಗ್' ಒತ್ತಿ. ಗೊತ್ತಿಲ್ಲದವರಿಂದ ಬಂದ ಕಡತಕ್ಕೆ ಒತ್ತಬೇಡಿ. ಈ ಕಾವಲನ್ನೇ ಪೂರ್ತಿ ತೆಗೆದು ಹಾಕಿ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ.

ಎರಡನೆಯ ಕೆಲಸ: ಡ್ರಾಫ್ಟ್‌ನ ಅನುಮತಿ ತೆಗೆಯುವುದು

1. 'ಫೈಲ್', 'ಆಪ್ಶನ್ಸ್' ತೆರೆದು ಎಡಗಡೆ 'ಅಡ್ವಾನ್ಸ್ಡ್' ಆಯ್ದುಕೊಳ್ಳಿ.
2. ಬಹಳ ಕೆಳಗೆ ಇಳಿದರೆ 'ಜನರಲ್' ಎಂಬ ಗುಂಪು ಬರುತ್ತದೆ.
3. 'ಅಲೌ ಓಪನಿಂಗ್ ಎ ಡಾಕ್ಯುಮೆಂಟ್ ಇನ್ ಡ್ರಾಫ್ಟ್ ವ್ಯೂ' ಎಂಬ ಸಾಲಿನ ಮುಂದೆ ಗುರುತು ಇದ್ದರೆ ತೆಗೆಯಿರಿ.

ಅದೇ 'ಅಡ್ವಾನ್ಸ್ಡ್' ಪುಟದಲ್ಲಿ 'ಶೋ ಡಾಕ್ಯುಮೆಂಟ್ ಕಂಟೆಂಟ್' ಎಂಬ ಗುಂಪೂ ಇದೆ. ಅಲ್ಲಿ 'ಶೋ ಡ್ರಾಯಿಂಗ್ಸ್ ಅಂಡ್ ಟೆಕ್ಸ್ಟ್ ಬಾಕ್ಸಸ್ ಆನ್ ಸ್ಕ್ರೀನ್' ಎಂಬುದರ ಮುಂದೆ ಗುರುತು ಇರಲೇಬೇಕು. ಅದಿಲ್ಲದಿದ್ದರೆ ಪ್ರಿಂಟ್ ಲೇಔಟ್‌ನಲ್ಲಿಯೂ ತೇಲುವ ಚಿತ್ರಗಳು ಮಾಯವಾಗುತ್ತವೆ.

ಮೂರನೆಯ ಕೆಲಸ: ಮೂಲ ನಮೂನೆಯನ್ನು ಸರಿಪಡಿಸುವುದು

1. 'ಅಡ್ವಾನ್ಸ್ಡ್' ಪುಟದ ಅದೇ 'ಜನರಲ್' ಗುಂಪಿನಲ್ಲಿ 'ಫೈಲ್ ಲೊಕೇಶನ್ಸ್' ಎಂಬ ಗುಂಡಿ ಇದೆ. ಒತ್ತಿದರೆ 'ಯೂಸರ್ ಟೆಂಪ್ಲೇಟ್ಸ್' ಯಾವ ಫೋಲ್ಡರಿನಲ್ಲಿದೆ ಎಂದು ತೋರಿಸುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ.
2. ವರ್ಡ್‌ನ ಒಳಗಿಂದಲೇ 'ಫೈಲ್', 'ಓಪನ್' ಮೂಲಕ ಆ ಫೋಲ್ಡರಿಗೆ ಹೋಗಿ ನಾರ್ಮಲ್ ಟೆಂಪ್ಲೇಟ್ ತೆರೆಯಿರಿ. ಫೋಲ್ಡರಿನಲ್ಲಿ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಮೂಲ ನಮೂನೆ ತೆರೆಯದು, ಅದರ ನಕಲಾಗಿ ಹೊಸ ಪುಟ ತೆರೆಯುತ್ತದೆ.
3. 'ವ್ಯೂ' ಪಟ್ಟಿಯಲ್ಲಿ ಪ್ರಿಂಟ್ ಲೇಔಟ್ ಆಯ್ದುಕೊಳ್ಳಿ. 'ಝೂಮ್' ಅನ್ನು ನಿಮಗೆ ಬೇಕಾದಷ್ಟಕ್ಕೆ, ಉದಾಹರಣೆಗೆ ಶೇ. 100ಕ್ಕೆ, ಇಡಿ.
4. ನೋಟ ಬದಲಿಸಿದ್ದನ್ನು ಮಾತ್ರ ವರ್ಡ್ ಬದಲಾವಣೆ ಎಂದು ಲೆಕ್ಕಕ್ಕೆ ಹಿಡಿಯದೆ ಇರಬಹುದು. ಆದ್ದರಿಂದ ಸ್ಪೇಸ್ ಕೀಲಿ ಒಂದು ಸಲ ಒತ್ತಿ, ಅದನ್ನು ಅಳಿಸಿ, ಆಮೇಲೆ ಉಳಿಸಿ ಮುಚ್ಚಿ.
5. ವರ್ಡ್ ಅನ್ನು ಪೂರ್ತಿ ಮುಚ್ಚಿ ಮತ್ತೆ ತೆರೆದು, ಹೊಸ ಪುಟ ತೆಗೆದು ಪರೀಕ್ಷಿಸಿ.

ನಾಲ್ಕನೆಯ ಕೆಲಸ: ಕಾಗದ ಮತ್ತು ಕನ್ನಡ ಅಕ್ಷರ

ನೋಟ ಸರಿಯಿದ್ದರೂ ಕಾಗದದ ಅಳತೆ ತಪ್ಪಿದ್ದರೆ ಪುಟ ಸರಿಬಾರದು. ಬಹಳಷ್ಟು ಕಂಪ್ಯೂಟರುಗಳಲ್ಲಿ ಅಮೆರಿಕದ 'ಲೆಟರ್' ಅಳತೆ ಇರುತ್ತದೆ. ಅದು ಸುಮಾರು 216 ಮಿ.ಮೀ. ಅಗಲ, 279 ಮಿ.ಮೀ. ಉದ್ದ. ನಮ್ಮಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ಸಿಗುವುದು ಎ4. ಅದು 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಒಂದೇ ಪುಟದಲ್ಲಿ ಮುಗಿಯಬೇಕಾದ ಅರ್ಜಿಯಲ್ಲಿ ಸಹಿ ಮಾಡುವ ಸಾಲು ಮಾತ್ರ ಎರಡನೆಯ ಪುಟಕ್ಕೆ ಹೋಗುವುದು ಹಲವು ಸಲ ಈ ಅಳತೆಯ ವ್ಯತ್ಯಾಸದಿಂದಲೇ. 'ಲೇಔಟ್' ಪಟ್ಟಿಯಲ್ಲಿ 'ಸೈಜ್', ಅದರ ಕೆಳಗೆ 'ಮೋರ್ ಪೇಪರ್ ಸೈಜಸ್' ತೆರೆದು, ಎ4 ಆಯ್ದು, ಎಡಗಡೆ ಕೆಳಗಿರುವ 'ಸೆಟ್ ಆ್ಯಸ್ ಡೀಫಾಲ್ಟ್' ಗುಂಡಿ ಒತ್ತಿ, 'ಯೆಸ್' ಎನ್ನಿ. ಇದೂ ಮೂಲ ನಮೂನೆಗೇ ಹೋಗಿ ಸೇರುತ್ತದೆ.

ಅಕ್ಷರಕ್ಕಾಗಿ ಕಂಟ್ರೋಲ್ ಮತ್ತು ಡಿ ಒತ್ತಿ. ಅಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಜಾಗ, 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂದು ಇನ್ನೊಂದು ಜಾಗ ಇರುತ್ತದೆ. ಕನ್ನಡ ಈ ಎರಡನೆಯದರಲ್ಲಿ ಬರುತ್ತದೆ. ಇಂಗ್ಲಿಷಿನ ಅಳತೆಯನ್ನು ಮಾತ್ರ ಬದಲಿಸಿ, 'ಕನ್ನಡ ದೊಡ್ಡದಾಗವಲ್ದು' ಎಂದು ಬೇಸರ ಮಾಡಿಕೊಳ್ಳುವವರು ಇದನ್ನು ಗಮನಿಸಬೇಕು. ಆ ಜಾಗ ಕಾಣದಿದ್ದರೆ ಮೊದಲು ವಿಂಡೋಸ್‌ನ ಭಾಷೆಗಳಲ್ಲಿ ಕನ್ನಡ ಸೇರಿಸಿ. ಅಲ್ಲಿ ನಿರ್ಮಲಾ ಯುಐ ಅಥವಾ ತುಂಗಾ ಎಂಬ ಯೂನಿಕೋಡ್ ಅಕ್ಷರ ಆಯ್ದು, 'ಸೆಟ್ ಆ್ಯಸ್ ಡೀಫಾಲ್ಟ್' ಒತ್ತಿ, 'ಆಲ್ ಡಾಕ್ಯುಮೆಂಟ್ಸ್ ಬೇಸ್ಡ್ ಆನ್ ದ ನಾರ್ಮಲ್ ಟೆಂಪ್ಲೇಟ್' ಎಂಬುದನ್ನು ಆರಿಸಿ. ನುಡಿ ತಂತ್ರಾಂಶ ಬಳಸುವವರು ಅದರಲ್ಲಿಯೂ ಯೂನಿಕೋಡ್ ಆಯ್ಕೆಯಲ್ಲಿಯೇ ಟೈಪ್ ಮಾಡಿ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿದ ಅರ್ಜಿ, ಆ ಅಕ್ಷರ ಇಲ್ಲದ ಕಂಪ್ಯೂಟರಿನಲ್ಲಿ ಓದಲು ಬಾರದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿಯಾಗಿ ಕಾಣುತ್ತದೆ.

ಭಾವಚಿತ್ರ ಹಚ್ಚುವಾಗ

ಚಿತ್ರವನ್ನು ಸೇರಿಸಿದ ಮೇಲೆ ಅದರ ಮೇಲೆ ಒತ್ತಿ, 'ರ‍್ಯಾಪ್ ಟೆಕ್ಸ್ಟ್' ಎಂಬಲ್ಲಿ 'ಇನ್ ಲೈನ್ ವಿತ್ ಟೆಕ್ಸ್ಟ್' ಆರಿಸಿ. ಹೀಗೆ ಮಾಡಿದರೆ ಚಿತ್ರವೂ ಒಂದು ಅಕ್ಷರದಂತೆ ಸಾಲಿನಲ್ಲಿ ಕೂರುತ್ತದೆ, ಡ್ರಾಫ್ಟ್ ನೋಟದಲ್ಲಿಯೂ ಕಾಣುತ್ತದೆ. ಸಾಲುಗಳು ಸರಿದಾಡಿದರೂ ಚಿತ್ರ ತನ್ನ ಸಾಲಿನ ಜೊತೆಗೇ ಇರುತ್ತದೆ. ನಮ್ಮ ಹಳೆಯ ನಮೂನೆಯಲ್ಲಿ ಭಾವಚಿತ್ರಕ್ಕೆ ತೇಲುವ ಚೌಕ ಇಟ್ಟಿದ್ದೆವು. ಅದು ನಮ್ಮ ಎರಡನೆಯ ತಪ್ಪು. ಈ ಸಾಲಿನ ನಮೂನೆಯಲ್ಲಿ ಅದನ್ನು ಕೋಷ್ಟಕದ ಒಂದು ಮನೆಯಾಗಿ ಮಾಡಿದ್ದೇವೆ. ಭಾವಚಿತ್ರವನ್ನು ಆ ಮನೆಯೊಳಗೆ ಕರ್ಸರ್ ಇಟ್ಟು ಸೇರಿಸಿ.

ಹಣ ಕೊಡದೆ ಸಿಗುವ ತಂತ್ರಾಂಶ, ಮತ್ತು ಮೊಬೈಲ್

ವರ್ಡ್ ಕೊಳ್ಳಲು ಹಣವಿಲ್ಲದವರು ಕಳ್ಳ ಪ್ರತಿ ಹಾಕಿಸಿಕೊಳ್ಳಬೇಕಾಗಿಲ್ಲ. ಲಿಬ್ರೆ ಆಫೀಸ್ ಎಂಬುದು ಎಲ್ಲರಿಗೂ ಮುಕ್ತವಾಗಿ ಸಿಗುವ ತಂತ್ರಾಂಶ. 2010ರಿಂದ ಇದೆ, ಕನ್ನಡದ ಮೆನುಗಳೂ ಅದರಲ್ಲಿ ಸಿಗುತ್ತವೆ. ಅದರ 'ರೈಟರ್' ವಿಭಾಗದಲ್ಲಿ 'ವ್ಯೂ' ಪಟ್ಟಿಯಲ್ಲಿ 'ನಾರ್ಮಲ್' ಮತ್ತು 'ವೆಬ್' ಎಂಬ ಎರಡು ನೋಟಗಳಿವೆ. ಇಲ್ಲಿಯ 'ನಾರ್ಮಲ್' ಎಂದರೆ ವರ್ಡ್‌ನ ಪ್ರಿಂಟ್ ಲೇಔಟ್ ಇದ್ದಂತೆ, ಹಳೆಯ ವರ್ಡ್‌ನ ನಾರ್ಮಲ್ ಅಲ್ಲ. ಖಾಲಿ ಪುಟವನ್ನು ಎ4 ಅಳತೆಗೆ, ಕನ್ನಡ ಅಕ್ಷರಕ್ಕೆ ಹೊಂದಿಸಿ, 'ಫೈಲ್', 'ಟೆಂಪ್ಲೇಟ್ಸ್', 'ಸೇವ್ ಆ್ಯಸ್ ಟೆಂಪ್ಲೇಟ್' ಎಂದು ಹೋಗಿ, 'ಸೆಟ್ ಆ್ಯಸ್ ಡೀಫಾಲ್ಟ್ ಟೆಂಪ್ಲೇಟ್' ಎಂಬಲ್ಲಿ ಗುರುತು ಹಾಕಿ ಉಳಿಸಿದರೆ ಮುಂದಿನ ಎಲ್ಲ ಹೊಸ ಪುಟಗಳು ಹಾಗೆಯೇ ಬರುತ್ತವೆ.

ನಮ್ಮ ಅನೇಕ ಮಕ್ಕಳ ಹತ್ತಿರ ಇರುವುದು ಮೊಬೈಲ್ ಒಂದೇ. ಚಿಕ್ಕ ತೆರೆಯಲ್ಲಿ ಓದಲು ಅನುಕೂಲವಾಗಲೆಂದು ಮೊಬೈಲಿನ ವರ್ಡ್ ಮತ್ತು ಗೂಗಲ್ ಡಾಕ್ಸ್ ಎರಡರಲ್ಲೂ ಪುಟದ ಆಕಾರ ಬಿಟ್ಟು ಸಾಲುಗಳನ್ನು ಮಡಚಿ ತೋರಿಸುವ ನೋಟವಿದೆ. ಅದರಲ್ಲಿ ನೋಡಿ 'ಎಲ್ಲಾ ಕೆಟ್ಟೈತಿ' ಎಂದು ಗಾಬರಿಯಾಗಿ ಸಾಲುಗಳ ನಡುವೆ ಸ್ಪೇಸ್, ಎಂಟರ್ ಒತ್ತಿ ಸರಿಪಡಿಸಲು ಹೋದರೆ ಆಗ ನಿಜವಾಗಿಯೂ ಕೆಡುತ್ತದೆ. ಗೂಗಲ್ ಡಾಕ್ಸ್‌ನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ 'ಪ್ರಿಂಟ್ ಲೇಔಟ್' ಚಾಲೂ ಮಾಡಿ. ಪುಟ ಪುಟವಾಗಿ ಕಾಣುತ್ತದೆ. ಆಮೇಲೆ ಮಾತ್ರ ತಿದ್ದಿ.

ಬೇರೆಯವರ ಕಂಪ್ಯೂಟರಿನಲ್ಲಿ ಕುಳಿತಾಗ

ಗ್ರಾಮ ಪಂಚಾಯತಿಯ ಅರಿವು ಕೇಂದ್ರ, ಕಾಲೇಜಿನ ಲ್ಯಾಬ್, ಊರಿನ ಝೆರಾಕ್ಸ್ ಅಂಗಡಿ ಇಲ್ಲೆಲ್ಲ ಕಂಪ್ಯೂಟರ್ ನಮ್ಮದಲ್ಲ. ಅಲ್ಲಿ ಮೂಲ ನಮೂನೆಯನ್ನಾಗಲಿ, ಆಯ್ಕೆಗಳನ್ನಾಗಲಿ ಕೇಳದೆ ಬದಲಿಸಬೇಡಿ. ನಿಮ್ಮ ಅನುಕೂಲ ನಂತರ ಬಂದವರ ಗೊಂದಲವಾಗಬಹುದು. ಅಲ್ಲಿ ಕಂಟ್ರೋಲ್, ಆಲ್ಟ್, ಪಿ ಮೂರನ್ನೂ ಒಟ್ಟಿಗೆ ಒತ್ತಿದರೆ ಸಾಕು. ಆ ಹೊತ್ತಿಗೆ ನಿಮ್ಮ ಕಡತ ಪ್ರಿಂಟ್ ಲೇಔಟ್‌ಗೆ ಬರುತ್ತದೆ. ಹಾಗೆಯೇ ಉಳಿಸಿ ಕಳಿಸಿ.

ಅಂಗಡಿಯವರೇ ತುಂಬಿಕೊಡುವುದಿದ್ದರೆ, ಕಳಿಸುವ ಮೊದಲು "ಅಣ್ಣಾರ, ಒಮ್ಮೆ ಪ್ರಿಂಟ್ ಪ್ರಿವ್ಯೂ ತೋರಿಸ್ರಿ" ಎಂದು ಕೇಳಿ. ಕೇಳಲು ಸಂಕೋಚ ಬೇಡ. ಕಂಟ್ರೋಲ್ ಮತ್ತು ಪಿ ಒತ್ತಿದರೆ ಅರ್ಧ ನಿಮಿಷದ ಕೆಲಸ. ಓದು ಬಾರದ ಪಾಲಕರೂ ಮಗುವಿನ ಫೋಟೋ ಇದೆಯೋ, ತಮ್ಮ ಹೆಬ್ಬೆಟ್ಟು ಇದೆಯೋ ಎಂದು ಕಣ್ಣಿನಿಂದ ನೋಡಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ನಿಮ್ಮ ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್‌ನ ಪ್ರತಿಗಳನ್ನು ಆ ಕಂಪ್ಯೂಟರಿನಿಂದ ಅಳಿಸಿಸಿ, ನಿಮ್ಮ ಇ-ಮೇಲ್‌ನಿಂದ ಹೊರಗೆ ಬನ್ನಿ.

ನಾವು ಬದಲಿಸಿಕೊಂಡದ್ದು

ಕಲಿಸುವವರು ಮೊದಲು ಕಲಿಯಬೇಕು. ಈ ಸಾಲಿನಿಂದ ನಮ್ಮ ಕಚೇರಿಯಲ್ಲಿ ನಾಲ್ಕು ಬದಲಾವಣೆ ಮಾಡಿದ್ದೇವೆ.

1. ಕಚೇರಿಯ ಕಂಪ್ಯೂಟರಿನಲ್ಲಿ ಮೇಲಿನ ನಾಲ್ಕೂ ಕೆಲಸ ಮಾಡಿ, ಹೇಗೆ ಹೊಂದಿಸಿದ್ದೇವೆ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಗೋಡೆಗೆ ಹಚ್ಚಿದ್ದೇವೆ.
2. ಬಂದ ಮೂಲ ಕಡತವನ್ನು ನಾವು ತಿದ್ದುವುದಿಲ್ಲ. ಸ್ವೀಕೃತಿ ಸಂಖ್ಯೆಯನ್ನು ಬೇರೆ ನೋಂದಣಿ ಪುಸ್ತಕದಲ್ಲಿ ಬರೆಯುತ್ತೇವೆ.
3. ಯಾವುದೇ ಅರ್ಜಿಯನ್ನು 'ಅಪೂರ್ಣ' ಎಂದು ಬರೆಯುವ ಮೊದಲು ಅದನ್ನು ಪ್ರಿಂಟ್ ತೆಗೆದು ನೋಡುತ್ತೇವೆ, ಅರ್ಜಿದಾರರಿಗೆ ಫೋನ್ ಮಾಡಿ ಕೇಳುತ್ತೇವೆ.
4. ವರ್ಡ್ ಕಡತದ ಜೊತೆಗೆ ಪಿಡಿಎಫ್ ಪ್ರತಿಯನ್ನೂ ಕೇಳುತ್ತೇವೆ. 'ಫೈಲ್', 'ಸೇವ್ ಆ್ಯಸ್' ಎಂದು ಹೋಗಿ ಬಗೆಯಲ್ಲಿ ಪಿಡಿಎಫ್ ಆರಿಸಿದರೆ ಆಯಿತು. ಪಿಡಿಎಫ್‌ನಲ್ಲಿ ನೋಟಗಳ ಗೊಂದಲವಿಲ್ಲ. ಯಾವ ಕಂಪ್ಯೂಟರಿನಲ್ಲಿ ತೆರೆದರೂ ಅದೇ ಪುಟ.

ಕಂಪ್ಯೂಟರ್ ಬಾರದವರು, ಹತ್ತಿರದಲ್ಲಿ ಅಂಗಡಿ ಇಲ್ಲದವರು ಕೈಬರಹದಲ್ಲಿ ತುಂಬಿದ ಅರ್ಜಿಯನ್ನು ಅಂಚೆಯಲ್ಲಿ ಕಳಿಸಬಹುದು. ಅದನ್ನೂ ಸಮನಾಗಿಯೇ ಪರಿಶೀಲಿಸುತ್ತೇವೆ. ವಿವರ ಪ್ರಕಟಣೆಯ ಪುಟದಲ್ಲಿದೆ.

ಮುಂದಕ್ಕೂ ಉಪಯೋಗ

ಈ ಪಾಠ ನಮ್ಮ ಅರ್ಜಿಗಷ್ಟೇ ಅಲ್ಲ. ಕರ್ನಾಟಕ ಸರ್ಕಾರಿ ನೌಕರಿಯ ಹಲವು ಹುದ್ದೆಗಳಿಗೆ ಸೇರಿದವರು 2012ರ ನಿಯಮಗಳ ಪ್ರಕಾರ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಪರೀಕ್ಷೆಯಲ್ಲಿ ಪದಸಂಸ್ಕರಣೆಯೂ ಒಂದು ಭಾಗ. ಖಾಸಗಿ ಕೆಲಸಕ್ಕೆ ಸ್ವವಿವರ ಕಳಿಸುವವರಿಗೂ, ಪದವಿಯ ಪ್ರಾಜೆಕ್ಟ್ ವರದಿ ಬರೆಯುವವರಿಗೂ ಇದೇ ಬೇಕು. ನಿಮ್ಮ ಓದು, ಅಂಕ, ಕಷ್ಟ ಎಲ್ಲವೂ ಎದುರಿನವರಿಗೆ ಮೊದಲು ತಲುಪುವುದು ಒಂದು ಪುಟದ ಮೂಲಕವೇ.

ಅಭ್ಯಾಸ

1. ಒಂದು ಖಾಲಿ ಪುಟದಲ್ಲಿ ನಿಮ್ಮ ಹೆಸರು, ಊರು, ತಾಲ್ಲೂಕು ಟೈಪ್ ಮಾಡಿ, ಎರಡು ಚಿತ್ರ ಸೇರಿಸಿ. ಒಂದನ್ನು 'ಇನ್ ಲೈನ್ ವಿತ್ ಟೆಕ್ಸ್ಟ್', ಇನ್ನೊಂದನ್ನು 'ಇನ್ ಫ್ರಂಟ್ ಆಫ್ ಟೆಕ್ಸ್ಟ್' ಮಾಡಿ. ಐದೂ ನೋಟಗಳಲ್ಲಿ ನೋಡಿ, ಯಾವ ಚಿತ್ರ ಎಲ್ಲಿ ಕಾಣುವುದಿಲ್ಲ ಎಂದು ಬರೆಯಿರಿ.
2. ಪ್ರಿಂಟ್ ಲೇಔಟ್‌ನಲ್ಲಿ ಎರಡು ಪುಟಗಳ ನಡುವಿನ ಜಾಗದ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಅಂಚು ಮಡಚಿಕೊಂಡು ತಲೆಬರಹ ಕಾಣೆಯಾಗುತ್ತದೆ. ಮತ್ತೆ ಅಲ್ಲಿಯೇ ಕ್ಲಿಕ್ ಮಾಡಿ ತನ್ನಿ.
3. ಅದೇ ಪುಟವನ್ನು 'ಲೆಟರ್' ಅಳತೆಯಿಂದ ಎ4ಗೆ ಬದಲಿಸಿ ಕೊನೆಯ ಸಾಲು ಎಲ್ಲಿಗೆ ಸರಿಯುತ್ತದೆ ನೋಡಿ.
4. ಕಡತವನ್ನು ಪಿಡಿಎಫ್ ಮಾಡಿ ಗೆಳೆಯರ ಮೊಬೈಲಿಗೆ ಕಳಿಸಿ, ಇಬ್ಬರ ತೆರೆಗಳನ್ನೂ ಹೋಲಿಸಿ.

ಮೊದಲು ಹೇಳಿದ ಆ ವಿದ್ಯಾರ್ಥಿನಿಗೆ ಈ ಪಾಠದ ಕರಡನ್ನು ತೋರಿಸಿದೆವು. ಆಕೆ ಓದಿ, ನಾಲ್ಕನೆಯ ಅಭ್ಯಾಸವನ್ನು ತಾನೇ ಸೇರಿಸಿಕೊಟ್ಟಳು. ಈ ಸಾಲಿನ ಅರ್ಜಿ ತುಂಬಲು ಸಹಾಯ ಬೇಕಾದವರಿಗಾಗಿ ಕಚೇರಿಯಲ್ಲಿ ಕೂರಲು ಒಪ್ಪಿದ ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಆಕೆಯೂ ಇದ್ದಾಳೆ. ನವಲಗುಂದ, ಅಣ್ಣಿಗೇರಿ, ಕಲಘಟಗಿ, ಕುಂದಗೋಳ ಯಾವ ಕಡೆಯವರೇ ಆಗಲಿ, ಅರ್ಜಿ ತೆರೆಯದಿದ್ದರೆ, ಫೋಟೋ ಕಾಣದಿದ್ದರೆ, ಕೊನೆಯ ದಿನದವರೆಗೆ ಕಾಯದೆ ಮೊದಲೇ ಕೇಳಿ. ತಪ್ಪು ನಿಮ್ಮದಾಗಿರಲಿಕ್ಕಿಲ್ಲ.